ಬ್ಲಾಗಿಗೆ ಏನಂತ ಹೆಸರಿಡಲಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬ್ಲಾಗಿನ ಹೆಸರು, ವಿಳಾಸ, ಅಡಿಬರಹ ಇವುಗಳ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ನಮಸ್ಕಾರ. ನಮ್ಮ ಕಡೆಯ ಅಡುಗೆ ಬರೆದಿಡಬೇಕು ಅಂತ ತುಂಬಾ ದಿನದಿಂದ ಆಸೆ. ತಂಬುಳಿ, ಅಪ್ಪೆಹುಳಿ, ತೆಳ್ಳೇವು, ಕೊಟ್ಟೆ ಕಡುಬು, ಹಲಸಿನ ಹಪ್ಪಳ, ಹೀಗೆ ಅತ್ತೆಯಿಂದ ಕಲಿತದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ. ಬ್ಲಾಗ್ ಮಾಡಿಕೊಡಲು ಮಗಳು ತಯಾರಿದ್ದಾಳೆ. ಹೆಸರೇ ಗಟ್ಟಿಯಾಗುತ್ತಿಲ್ಲ. ‘ರುಚಿ’, ‘ಅಡುಗೆಮನೆ’, ‘ತಂಬುಳಿ’, ಈ ಮೂರರಲ್ಲಿ ಯಾವುದು ಒಳ್ಳೆಯದು? ಇಂಗ್ಲಿಷ್ ಹೆಸರಿಟ್ಟರೆ ಜಾಸ್ತಿ ಜನ ಬರ್ತಾರೆ ಅಂತ ನಮ್ಮನೆಯವರ ವಾದ.
— ಓದುಗರು, ಶಿರಸಿ

ಉತ್ತರ: ಹೆಸರು ಯಾವ ಕೆಲಸಕ್ಕೆ ಬೇಕು ಅನ್ನೋದನ್ನು ಮೊದಲು ನೋಡೋಣ. ನಿಮ್ಮ ಬ್ಲಾಗಿಗೆ ಮೊದಲ ಸಲ ಬರುವವರು ಹೆಸರು ನೋಡಿ ಬರುವುದಿಲ್ಲ. ಅಪ್ಪೆಹುಳಿ ಮಾಡುವುದು ಹೇಗೆ ಅಂತ ಗೂಗಲ್‌ನಲ್ಲಿ ಹುಡುಕಿಯೋ, ಯಾರೋ ವಾಟ್ಸ್ಯಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿಯೋ ಬರುತ್ತಾರೆ. ಅಂದರೆ ಬಾಗಿಲು ತೆಗೆಯುವುದು ಆ ಒಂದು ಬರಹದ ತಲೆಬರಹ. ಅವರು ಮಾಡಿ ನೋಡಿದರು, ಚೆನ್ನಾಗಿ ಬಂತು, ಹದಿನೈದು ದಿನ ಬಿಟ್ಟು ಕೊಟ್ಟೆ ಕಡುಬು ಮಾಡುವಾಗ ‘ಅವತ್ತು ನೋಡಿದ್ದೆನಲ್ಲ, ಅದೇನದು’ ಅಂತ ನೆನಪು ಮಾಡಿಕೊಳ್ಳುತ್ತಾರಲ್ಲ, ಹೆಸರು ಬೇಕಾಗುವುದು ಆಗ. ಹೆಸರು ಇರುವುದು ಎರಡನೇ ಸಲ ಬರುವವರಿಗಾಗಿ.

ಹಾಗೆ ನೋಡಿದರೆ ‘ರುಚಿ’, ‘ಅಡುಗೆಮನೆ’ ಎರಡೂ ಬೇಡ. ಎಲ್ಲರೂ ಬಳಸುವ ಪದಗಳು. ಹುಡುಕಿದರೆ ನೂರಾರು ಪುಟ ಮೊದಲು ಬಂದು ನಿಮ್ಮದು ಎಲ್ಲೋ ಹಿಂದೆ ಬೀಳುತ್ತದೆ. ಇಂಥ ಪದದ ವಿಳಾಸಗಳು ಖಾಲಿ ಸಿಗುವುದೂ ಅಪರೂಪ. ‘ತಂಬುಳಿ’ ಚೆಂದದ ಹೆಸರು, ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ಬೇರೆ ಊರಲ್ಲಿರುವ ತಂಗಿಗೋ ಗೆಳತಿಗೋ ಫೋನ್ ಮಾಡಿ ಹೆಸರು ಹೇಳಿ. ಒಂದೇ ಸಲ. ಅಕ್ಷರ ಬಿಡಿಸಿ ಹೇಳಬೇಡಿ. ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಲಿ. ನಾಲ್ಕೈದು ಜನರ ಹತ್ತಿರ ಹೀಗೆ ಮಾಡಿಸಿ. ಎಲ್ಲರದ್ದೂ ಒಂದೇ ಥರ ಬಂದರೆ ಆ ಹೆಸರು ಪಾಸ್.

ತಂಬುಳಿಗೆ ಏನಾಗುತ್ತದೆ ಅಂದರೆ, ಕೆಲವರು ಬರೀ ‘ಟಿ’ ಹಾಕಿ ಶುರು ಮಾಡುತ್ತಾರೆ, ಕೆಲವರು ‘ಟಿ’ ಪಕ್ಕ ‘ಎಚ್’ ಸೇರಿಸುತ್ತಾರೆ, ಕರಾವಳಿ ಕಡೆಯವರು ನಡುವಿನ ‘ಯು’ ಬಿಟ್ಟು ‘ತಂಬ್ಳಿ’ ಅಂತಲೇ ಬರೆಯುತ್ತಾರೆ. ಒಂದು ಹೆಸರು, ನಾಲ್ಕು ವಿಳಾಸ. ನೀವು ತೆಗೆದುಕೊಂಡಿರುವುದು ಅದರಲ್ಲಿ ಒಂದೇ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ತೊಡಕು ಬರುವುದು ಯಾವಾಗಲೂ ಇಂಥ ಕಡೆಯೇ: ದೀರ್ಘ ಬಂದಾಗ ‘ಎ’ ಒಂದೋ ಎರಡೋ, ಈಕಾರಕ್ಕೆ ‘ಐ’ ಹಾಕಬೇಕೋ ಎರಡು ‘ಇ’ ಹಾಕಬೇಕೋ, ತ ಮತ್ತು ಥ, ದ ಮತ್ತು ಧ. ಲ ಳ ಎರಡಕ್ಕೂ ‘ಎಲ್’ ಒಂದೇ ಗತಿ. ಅಪ್ಪೆಹುಳಿ ಅಂತ ಇಟ್ಟರೆ ಗೊತ್ತಿಲ್ಲದವರು ಅಪ್ಪೆಹುಲಿ ಅಂತ ಓದುತ್ತಾರೆ. ಸಂಧಿಯಾದ ಹೆಸರಂತೂ ಇನ್ನೂ ಕಷ್ಟ. ‘ಮನೆಯೂಟ’ ಅಂತ ಇಡಿ, ನಡುವೆ ‘ವೈ’ ಬೇಕಾ ಬೇಡವಾ, ಆಮೇಲೆ ‘ಒ’ ಎರಡಾ ‘ಯು’ ಒಂದಾ, ಬರೆಯುವವರು ಅಲ್ಲೇ ನಿಂತುಬಿಡುತ್ತಾರೆ.

ಇಂಗ್ಲಿಷ್ ಹೆಸರಿನ ಮಾತು. ಅಪ್ಪೆಮಿಡಿಯ ವಿಚಾರ ಓದುವುದಕ್ಕೆ ಯಾರು ಬರ್ತಾರೆ ಹೇಳಿ? ಕನ್ನಡದವರೇ. ಬೆಂಗಳೂರಲ್ಲಿರಲಿ ಅಮೆರಿಕದಲ್ಲಿರಲಿ, ಅವರು ಹುಡುಕುವುದು ಅಪ್ಪೆಹುಳಿ ಅಂತಲೇ. ಕನ್ನಡ ಲಿಪಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ, ಅಷ್ಟೇ ವ್ಯತ್ಯಾಸ. ಬ್ಲಾಗಿಗೆ ಇಂಗ್ಲಿಷ್ ಹೆಸರಿದ್ದ ಮಾತ್ರಕ್ಕೆ ಒಬ್ಬರೂ ಹೆಚ್ಚಿಗೆ ಬರುವುದಿಲ್ಲ. ಪ್ರತಿ ಬರಹದಲ್ಲಿ ಅಡುಗೆಯ ಹೆಸರು ಎರಡೂ ಲಿಪಿಯಲ್ಲಿ ಒಂದೊಂದು ಸಲ ಇರಲಿ, ಸಾಕು.

ಹಾಗಾದರೆ ಹೆಸರು ಎಂಥದ್ದಿರಬೇಕು? ಕಣ್ಣಿಗೆ ಕಟ್ಟುವ ಒಂದು ವಸ್ತುವೋ ಒಬ್ಬ ಮನುಷ್ಯನೋ ಇದ್ದರೆ ಬೇಗ ನೆನಪಿಗೆ ಹತ್ತುತ್ತದೆ. 1942ರಲ್ಲಿ ಲೇಖಕ ರಾ.ಶಿ. (ಡಾ. ಎಂ. ಶಿವರಾಂ) ಅವರು ಹಾಸ್ಯಕ್ಕೆಂದೇ ಪತ್ರಿಕೆ ಶುರು ಮಾಡಿದಾಗ ‘ಹಾಸ್ಯ ಲಹರಿ’ ಥರದ್ದೇನೋ ಇಡಬಹುದಿತ್ತು. ಅವರು ಇಟ್ಟದ್ದು ‘ಕೊರವಂಜಿ’. ಬುಟ್ಟಿ ಹೊತ್ತು ಬಂದು ಎದುರಿಗೇ ನಿಂತು ಕಣಿ ಹೇಳುವ ಹೆಂಗಸು. ಪತ್ರಿಕೆ ನಿಂತು ಎಷ್ಟೋ ವರ್ಷವಾದರೂ ಹೆಸರನ್ನು ಜನ ಮರೆತಿಲ್ಲ. ನಿಮ್ಮ ಅಡುಗೆಮನೆಯಲ್ಲೂ ಅಂಥದ್ದು ಬೇಕಾದಷ್ಟಿದೆ. ಸುಮ್ನೆ ಒಂದು ಉದಾಹರಣೆಗೆ ‘ಕಡಗೋಲು’ ತೆಗೆದುಕೊಳ್ಳಿ. ತಂಬುಳಿಗೆ ಮಜ್ಜಿಗೆ ಬೇಕು, ಮಜ್ಜಿಗೆಗೆ ಕಡಗೋಲು ಬೇಕು. ಕನ್ನಡ ಬಲ್ಲವರಿಗೆ ಗೊತ್ತಿರುವ ಪದ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೇಳಿದರೆ ಹೆಚ್ಚು ಕಡಿಮೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ಅದನ್ನೇ ಇಡಿ ಅಂತಲ್ಲ, ಯಾರಾದರೂ ಆಗಲೇ ಇಟ್ಟುಕೊಂಡಿರಲೂಬಹುದು. ಆ ಜಾತಿಯ ಪದ ಹುಡುಕಿ ಅಂತ ಹೇಳಿದ್ದು. ಮಗಳ ಜೊತೆ ಕೂತು ನೋಟ್‌ಬುಕ್ ಒಂದು ಸಲ ತಿರುವಿಹಾಕಿ. ಅತ್ತೆಯವರ ಬಾಯಲ್ಲಿ ಬರುತ್ತಿದ್ದ ಪಾತ್ರೆ ಪಗಡಿಯ ಹೆಸರು, ಅಳತೆಯ ಹೆಸರು ಎಲ್ಲ ಒಂದು ಕಡೆ ಬರೆದುಕೊಳ್ಳಿ. ನಿಮ್ಮ ಹೆಸರು ಅಲ್ಲೇ ಸಿಗುತ್ತದೆ.

ಇನ್ನು ಅಡಿಬರಹ. ಅದನ್ನು ನೀವು ಕೇಳಿಲ್ಲ, ಆದರೆ ‘ಕಡಗೋಲು’ ಥರದ ಹೆಸರಿಟ್ಟರೆ ಅಡಿಬರಹ ಬೇಕೇ ಬೇಕು. ಹೆಸರು ಹೇಳದೇ ಬಿಟ್ಟದ್ದನ್ನು ಅದು ಹೇಳಬೇಕು. ‘ರುಚಿಯ ಲೋಕಕ್ಕೆ ಸ್ವಾಗತ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಅದನ್ನು ತೆಗೆದು ಇನ್ನೊಬ್ಬರ ಅಡುಗೆ ಬ್ಲಾಗಿನ ಕೆಳಗೆ ಅಂಟಿಸಿದರೂ ಸರಿಹೋಗುತ್ತದೆ. ‘ಶಿರಸಿ ಕಡೆಯ ಮನೆ ಅಡುಗೆ, ಅಳತೆ ಸಮೇತ’ ಅಂತ ನೋಡಿ. ಯಾವ ಊರಿನದ್ದು, ಎಂಥ ಅಡುಗೆ, ಓದಿದರೆ ಏನು ಸಿಗುತ್ತದೆ, ಮೂರೂ ಬಂತು. ‘ಅಳತೆ ಸಮೇತ’ ಅನ್ನುವುದು ಮುಖ್ಯ. ನಮ್ಮಲ್ಲಿ ಅಡುಗೆ ಹೇಳಿಕೊಡುವವರು ‘ಹುಳಿ ಬೇಕಾದಷ್ಟು, ಉಪ್ಪು ಹದಕ್ಕೆ’ ಅಂತಲೇ ಹೇಳುವುದು, ಹೊಸದಾಗಿ ಕಲಿಯುವವರು ಅಲ್ಲೇ ಸೋಲುವುದು. ಲಂಕೇಶ್ ಪತ್ರಿಕೆಯ ‘ಜಾಣ ಜಾಣೆಯರ ಪತ್ರಿಕೆ’ ನೆನಪಿದೆಯಲ್ವಾ? ಮೂರೇ ಪದ. ಯಾರಿಗಾಗಿ ಅನ್ನುವುದನ್ನು ಹೇಳಿತು, ಓದುವವರಿಗೆ ತಾವೂ ಆ ಸಾಲಿಗೆ ಸೇರಿದ ಹಾಗನ್ನಿಸಿತು. ನಿಮ್ಮ ಅಡಿಬರಹವೂ ಆರೇಳು ಪದ ದಾಟುವುದು ಬೇಡ. ಮೊಬೈಲ್ ಪರದೆಯಲ್ಲಿ ಒಂದೇ ಸಾಲಿಗೆ ಹಿಡಿಸಲಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಸುತ್ತಲಿನ ಶಾಸನ, ವೀರಗಲ್ಲುಗಳ ಬಗ್ಗೆ ಬರೆಯುತ್ತಿದ್ದೇನೆ. ಈಗ ಇರುವುದು ಪುಕ್ಕಟೆ ಸಿಗುವ ಬ್ಲಾಗ್‌ಸ್ಪಾಟ್ ವಿಳಾಸ. ಸ್ವಂತ ವಿಳಾಸ ತೆಗೆದುಕೊಳ್ಳಿ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳುತ್ತಾನೆ, ತಾನೇ ಮಾಡಿಸಿಕೊಡುತ್ತೇನೆ ಎನ್ನುತ್ತಾನೆ. ಅದರ ಅಗತ್ಯವಿದೆಯೇ? ಇನ್ನೊಂದು, ನನ್ನ ಲೇಖನಗಳ ಲಿಂಕ್ ಕಳಿಸಿದರೆ ಎಲ್ಲವೂ ‘ಬ್ಲಾಗ್ ಪೋಸ್ಟ್’ ಎಂದೇ ಬರುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ.
— ಓದುಗರು, ಕೊಪ್ಪಳ

ಉತ್ತರ: ಮೇಷ್ಟ್ರೇ, ಸ್ವಂತ ವಿಳಾಸ ತೆಗೆದುಕೊಳ್ಳಿ. ನಿಮ್ಮ ಬರಹ ಇವತ್ತು ಓದಿ ನಾಳೆ ಬಿಡುವಂಥದ್ದಲ್ಲ. ಹತ್ತು ವರ್ಷ ಬಿಟ್ಟು ಯಾವುದೋ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ನಿಮ್ಮ ಲಿಂಕ್ ಹಾಕುತ್ತಾನೆ. ಆಗಲೂ ಅದು ತೆರೆಯಬೇಕು.

ಪುಕ್ಕಟೆ ವಿಳಾಸದ ಕೊನೆಯ ಭಾಗ ನಿಮ್ಮದಲ್ಲ, ಕಂಪನಿಯದು. ಬ್ಲಾಗ್‌ಸ್ಪಾಟ್ ಆದರೆ ಗೂಗಲ್ ಕಂಪನಿಯದು. ಅದಕ್ಕೆ ಏನಾದರೂ ಆದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ನಡೆದ ಸಂಗತಿಯನ್ನೇ ಹೇಳುತ್ತೇನೆ. 2012ರಿಂದ ಕೆಲವು ವರ್ಷ ಭಾರತದಲ್ಲಿ ಬ್ಲಾಗ್‌ಸ್ಪಾಟ್ ತೆರೆದರೆ ಕೊನೆಗೆ ‘ಡಾಟ್ ಕಾಮ್’ ಬದಲು ‘ಡಾಟ್ ಇನ್’ ಅಂತ ಬರುತ್ತಿತ್ತು. ಜನ ಅದನ್ನೇ ಕಾಪಿ ಮಾಡಿ ಎಲ್ಲ ಕಡೆ ಹಂಚಿದರು. 2020ರಲ್ಲಿ ಆ ಬ್ಲಾಗ್‌ಸ್ಪಾಟ್ ಡಾಟ್ ಇನ್ ವಿಳಾಸವೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಹಾಗೆ ಹಂಚಿದ್ದ ಲಿಂಕುಗಳು ತೆರೆಯದೇ ಹೋದವು. ಬರಹಗಳಿಗೆ ಏನೂ ಆಗಿರಲಿಲ್ಲ, ‘ಡಾಟ್ ಕಾಮ್’ನಲ್ಲಿ ಹಾಗೇ ಇದ್ದವು. ಆದರೆ ಹಳೆಯ ಲಿಂಕ್ ಒತ್ತಿದವರಿಗೆ ಅದು ಹೇಗೆ ಗೊತ್ತಾಗಬೇಕು?

ಸ್ವಂತ ವಿಳಾಸ ಅಂದರೆ ಬ್ಲಾಗ್ ಬೇರೆ ಕಡೆ ಸಾಗಿಸಬೇಕು ಅಂತಲ್ಲ. ಈಗಿರುವ ಬ್ಲಾಗಿಗೇ ನಿಮ್ಮ ವಿಳಾಸ ಜೋಡಿಸಬಹುದು. ಅದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ. ಹಳೆಯ ಬ್ಲಾಗ್‌ಸ್ಪಾಟ್ ಲಿಂಕ್ ಒತ್ತಿದವರು ತಾನಾಗಿ ಹೊಸದಕ್ಕೆ ಬರುತ್ತಾರೆ. ನೀವು ಕೊಡಬೇಕಾದದ್ದು ವಿಳಾಸದ ವರ್ಷದ ಶುಲ್ಕ ಮಾತ್ರ. ‘ಮೊದಲ ವರ್ಷ ಬರೀ ಇಷ್ಟೇ’ ಅನ್ನುವ ಜಾಹೀರಾತು ನೋಡಿ ಹೂಂ ಅನ್ನಬೇಡಿ. ಎರಡನೇ ವರ್ಷದಿಂದ ನವೀಕರಣಕ್ಕೆ ಎಷ್ಟು ಅಂತ ಕೇಳಿ, ನಿಜವಾದ ಬೆಲೆ ಅದು. ಬೇಕಿದ್ದರೆ ಒಟ್ಟಿಗೆ ಹತ್ತು ವರ್ಷದವರೆಗೂ ಕಟ್ಟಬಹುದು. ನವೀಕರಣ ತಪ್ಪಿದರೆ, ‘ಡಾಟ್ ಕಾಮ್’ನಂಥ ವಿಳಾಸಗಳಿಗೆ ಮೊದಲು ಒಂದಿಷ್ಟು ದಿನ ಹೆಚ್ಚುವರಿ ಗಡುವು ಇರುತ್ತದೆ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ, ಅದೂ ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು.

ನಿಮ್ಮ ಶಿಷ್ಯ ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿಕೊಡುತ್ತಾನೆ. ಆದರೆ ನೋಂದಣಿ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಆಗಲಿ. ಪಹಣಿಯಲ್ಲಿ ಯಾರ ಹೆಸರಿದೆಯೋ ಹೊಲ ಅವರದು ಅನ್ನುವ ಹಾಗೆ ಇಲ್ಲೂ. ಅವನು ಕೆಲಸ ಬದಲಿಸಿ ಆ ಇಮೇಲ್ ಮುಚ್ಚಿದರೆ ನವೀಕರಣದ ನೆನಪೋಲೆ ಯಾರಿಗೂ ತಲುಪುವುದಿಲ್ಲ. ‘ಡಾಟ್ ಕಾಮ್’ ಕೊಂಡ ಮೇಲೆ ಇಮೇಲ್ ಖಚಿತಪಡಿಸಿ ಅಂತ ಒಂದು ಪತ್ರ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ವಿಳಾಸ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಇನ್ನು ‘ಬ್ಲಾಗ್ ಪೋಸ್ಟ್’ ತೊಂದರೆ. ಬ್ಲಾಗ್‌ಸ್ಪಾಟ್ ನಡೆಸುವ ಗೂಗಲ್‌ನ ‘ಬ್ಲಾಗರ್’ ವ್ಯವಸ್ಥೆ ತಲೆಬರಹದಲ್ಲಿರುವ ಇಂಗ್ಲಿಷ್ ಅಕ್ಷರಗಳಿಂದ ಲಿಂಕ್ ಮಾಡುತ್ತದೆ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ, ‘ಬ್ಲಾಗ್-ಪೋಸ್ಟ್’ ಅಂತ ಹಾಕಿ ಮುಂದೆ ಒಂದು ಸಂಖ್ಯೆ ಸೇರಿಸುತ್ತದೆ. ಪ್ರಕಟಿಸುವ ಮುಂಚೆ ಬಲಗಡೆ ಪರ್ಮಾಲಿಂಕ್ ಅಂತ ಇರುತ್ತದೆ, ಅದನ್ನು ತೆರೆದು ನೀವೇ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಅಡ್ಡಗೆರೆ ಹಾಕಿ, ‘ಗವಿಮಠ-ಅಶೋಕ-ಶಾಸನ’ ಅಂತ ಬರೆಯಿರಿ. ಪ್ರಕಟವಾದ ಮೇಲೆ ಇದನ್ನು ಬದಲಿಸಲು ಹೋದರೆ ಆಗಲೇ ಹಂಚಿದ ಲಿಂಕ್ ಕೆಡುತ್ತದೆ, ಆದ್ದರಿಂದ ಹಳೆಯದನ್ನು ಹಾಗೇ ಬಿಡಿ.

ಬ್ಲಾಗ್ ಮಾಡಲು ಇರುವ ಇನ್ನೊಂದು ವ್ಯವಸ್ಥೆ ವರ್ಡ್‌ಪ್ರೆಸ್. ಅದನ್ನು ಬಳಸುವವರಿಗೆ ಬೇರೆ ಥರದ ಪೇಚು. ಅದು ಲಿಂಕಿನಲ್ಲಿ ಕನ್ನಡವನ್ನು ಇಟ್ಟುಕೊಳ್ಳುತ್ತದೆ, ಆದರೆ ಒಳಗೆ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ಪ್ರತಿ ಗುರುತಿಗೂ ಶೇಕಡಾ ಗುರುತು ಸೇರಿದ ಒಂಬತ್ತು ಚಿಹ್ನೆ ಬೇಕಾಗುತ್ತದೆ. ‘ವೀರಗಲ್ಲು’ ಅನ್ನುವ ಒಂದೇ ಪದ 72 ಚಿಹ್ನೆ. ಒಟ್ಟು 200ಕ್ಕಿಂತ ಹೆಚ್ಚು ಅದು ಹಿಡಿಯುವುದಿಲ್ಲ, ಅಂದರೆ ಅಷ್ಟುದ್ದದ ಮೂರನೇ ಪದ ಬಂತೋ, ನಡುವೆಯೇ ಕತ್ತರಿ. ವಾಟ್ಸ್ಯಾಪ್‌ನಲ್ಲಿ ಆ ಲಿಂಕ್ ನಾಲ್ಕು ಸಾಲು ಗೋಜಲಾಗಿ ಕಾಣುತ್ತದೆ, ಜನ ಏನೋ ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ. ತಲೆಬರಹ ಕನ್ನಡದಲ್ಲೇ ಇರಲಿ, ಲಿಂಕ್ ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿರಲಿ.

ಪ್ರಶ್ನೆ: ಹಾಗಾದರೆ ವೆಬ್ ವಿಳಾಸವೇ ಕನ್ನಡ ಲಿಪಿಯಲ್ಲಿ ಸಿಗುವುದಿಲ್ವಾ? ಕನ್ನಡ ಬ್ಲಾಗಿಗೆ ಇಂಗ್ಲಿಷ್ ಅಕ್ಷರದ ವಿಳಾಸ ಯಾಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಸಿಗುತ್ತದೆ. ‘ಡಾಟ್ ಭಾರತ’ ಅಂತ ಇದೆ. 2014ರಲ್ಲಿ ದೇವನಾಗರಿಯಲ್ಲಿ ಶುರುವಾಯಿತು, ಆಮೇಲೆ ಕನ್ನಡ ಲಿಪಿಯಲ್ಲೂ ಬಂತು. ‘ಡಾಟ್ ಇನ್’ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನೋಡಿಕೊಳ್ಳುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಳ ಅಂದರೆ ಳ, ದೀರ್ಘ ಅಂದರೆ ದೀರ್ಘ. ಶಿರಸಿಯವರಿಗೆ ಹೇಳಿದ ತೊಡಕು ಯಾವುದೂ ಇಲ್ಲಿಲ್ಲ.

ತೊಂದರೆ ಇರುವುದು ದಾರಿಯಲ್ಲಿ. ಇಂಟರ್ನೆಟ್ಟಿನ ವಿಳಾಸ ವ್ಯವಸ್ಥೆಗೆ ಒಳಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ. ಕನ್ನಡ ವಿಳಾಸವನ್ನು ಅದು ‘ಎಕ್ಸ್ ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಒಂದು ಸಾಲಾಗಿ ಬದಲಿಸಿಕೊಂಡು ಓದುತ್ತದೆ. ನೀವು ಕಾಪಿ ಮಾಡಿ ಯಾರಿಗಾದರೂ ಕಳಿಸಿದಾಗ ಎಷ್ಟೋ ಸಲ ಕನ್ನಡದ ಬದಲು ಆ ಸಾಲೇ ಕಾಣುತ್ತದೆ. ಆ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿ ನಮೂನೆಗಳು ‘ತಪ್ಪಾಗಿದೆ’ ಅಂತ ವಾಪಸ್ ಕಳಿಸುತ್ತವೆ. ಆದ್ದರಿಂದ ಈಗಿನ ಮಟ್ಟಿಗೆ ನನ್ನ ಸಲಹೆ, ಮುಖ್ಯ ವಿಳಾಸ ಇಂಗ್ಲಿಷ್ ಅಕ್ಷರದ್ದಿರಲಿ. ಕನ್ನಡದ್ದನ್ನೂ ಕೊಂಡು ಮುಖ್ಯ ವಿಳಾಸಕ್ಕೆ ತಿರುಗಿಸಿ. ಭಿತ್ತಿಪತ್ರ, ಆಮಂತ್ರಣ, ಪುಸ್ತಕದ ಹಿಂಬದಿ, ಎಲ್ಲೆಲ್ಲಿ ಜನ ನೋಡಿ ಟೈಪ್ ಮಾಡುತ್ತಾರೋ ಅಲ್ಲಿ ಧಾರಾಳವಾಗಿ ಕನ್ನಡದ ವಿಳಾಸವನ್ನೇ ಹಾಕಿ. ನಾವು ಬಳಸದೇ ಇದ್ದರೆ ಈ ಕೊರತೆಗಳನ್ನು ಸರಿಮಾಡಿ ಅಂತ ಕೇಳುವವರಾದರೂ ಯಾರು?

ಪ್ರಶ್ನೆ: ಕೆಲಸದ ಮೇಲೆ ಕತಾರಿನಲ್ಲಿದ್ದೇನೆ. ‘ದೋಹಾ ಡೈರಿ’ ಅಂತ ಬ್ಲಾಗ್ ಶುರು ಮಾಡುವ ಯೋಚನೆ. ಹೆಸರು ಹೇಗಿದೆ?
— ಓದುಗರು, ದೋಹಾ

ಉತ್ತರ: ಕಿವಿಗೆ ಚೆನ್ನಾಗಿದೆ. ಆದರೆ ನೀವು ಅಲ್ಲೇ ಇರುತ್ತೀರಾ? ಕನ್ನಡದ ಮೊದಲ ಪತ್ರಿಕೆಗೇ ಈ ಪ್ರಶ್ನೆ ಎದುರಾಗಿತ್ತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಮರುವರ್ಷ ಅದರ ಮುದ್ರಣ ಬಳ್ಳಾರಿಗೆ ಹೋಯಿತು, ಹೆಸರು ‘ಕನ್ನಡ ಸಮಾಚಾರ’ ಆಯಿತು. ಆಗ ಮೊದಲ ಪುಟದ ಮೇಲಿನ ಅಚ್ಚು ಬದಲಿಸಿದರೆ ಸಾಕಿತ್ತು. ಈಗ ವೆಬ್ ವಿಳಾಸ ಬದಲಾದರೆ ಅಲ್ಲಿವರೆಗೆ ಹಂಚಿದ ಲಿಂಕುಗಳ ಗತಿ ನೋಡಿಕೊಳ್ಳಬೇಕು. ಊರಿನ ಹೆಸರು ತಾನೇ ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ, ಕಲಬುರಗಿ ಸೇರಿ ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಹಳೆಯ ಕಾಗುಣಿತದಲ್ಲಿ ವಿಳಾಸ ಇಟ್ಟುಕೊಂಡಿದ್ದವರು ಎರಡರ ನಡುವೆ ಸಿಕ್ಕಿಕೊಂಡರು.

ಊರನ್ನು ಅಡಿಬರಹಕ್ಕೆ ಇಳಿಸಿ. ‘ದೋಹಾದಿಂದ ಒಬ್ಬ ಕನ್ನಡಿಗನ ಪತ್ರಗಳು’ ಅಂತ ಹಾಕಿಕೊಳ್ಳಿ. ನಾಳೆ ಮಸ್ಕತ್‌ಗೋ ಮೈಸೂರಿಗೋ ಹೋದರೆ ಆ ಒಂದು ಸಾಲು ಬದಲಿಸಲು ಎರಡು ನಿಮಿಷ. ಮರಳುಗಾಡಿನ ಊರಲ್ಲಿ ಮಾತ್ರ ಬರೆಯುತ್ತೇನೆ, ವಾಪಸ್ ಬಂದ ದಿನ ನಿಲ್ಲಿಸುತ್ತೇನೆ ಅಂತ ತೀರ್ಮಾನ ಮಾಡಿದ್ದರೆ ‘ದೋಹಾ ಡೈರಿ’ಯೇ ಸರಿ.

ಪ್ರಶ್ನೆ: ಪದವಿ ವಿದ್ಯಾರ್ಥಿ ನಾನು. ಒಂದು ದೊಡ್ಡ ಸುದ್ದಿ ತಾಣದ ಹೆಸರಿನಲ್ಲಿ ಒಂದೇ ಅಕ್ಷರ ಬದಲಿಸಿದರೆ ವಿಳಾಸ ಖಾಲಿ ಸಿಗುತ್ತಿದೆ. ತಪ್ಪಿ ಟೈಪ್ ಮಾಡಿದವರಾದರೂ ಬರ್ತಾರಲ್ವಾ?
— ಓದುಗರು, ತುಮಕೂರು

ಉತ್ತರ: ಬೇಡ ತಮ್ಮಾ. ಇದೇ ಥರದ ಪ್ರಕರಣ ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಸತ್ಯಂ ಇನ್ಫೋವೇ ಕಂಪನಿ ‘ಸಿಫಿ’ ಅನ್ನುವ ಪದ ಇಟ್ಟು ಹಲವು ವಿಳಾಸ ಮಾಡಿಕೊಂಡಿತ್ತು. ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚಿಗೆ ಹಾಕಿ ‘ಸಿಫ್ಫಿನೆಟ್’ ಅಂತ ಇಟ್ಟುಕೊಂಡಿತು. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ನಿಂತಿತು. ವೆಬ್ ವಿಳಾಸಕ್ಕೂ ವ್ಯಾಪಾರದ ಹೆಸರಿಗಿರುವ ರಕ್ಷಣೆಯೇ ಸಿಗುತ್ತದೆ ಅಂತ ಹೇಳಿತು. ‘ಡಾಟ್ ಇನ್’ ವಿಳಾಸಗಳ ಜಗಳ ಬಗೆಹರಿಸಲು ನಿಕ್ಸಿಯದೇ ಬೇರೆ ವ್ಯವಸ್ಥೆಯೂ ಇದೆ, ಅಲ್ಲಿ ಸೋತರೆ ವಿಳಾಸ ಕಿತ್ತುಕೊಂಡು ಎದುರಿನವರಿಗೆ ಕೊಡಬಹುದು.

ಕೋರ್ಟಿನ ಮಾತು ಆಚೆಗಿಡಿ. ತಪ್ಪಿ ಬಂದವರು ತಾವು ಬೇರೆ ಕಡೆ ಬಂದಿದ್ದೇವೆ ಅಂತ ಗೊತ್ತಾದ ಕೂಡಲೇ ಹೋಗುತ್ತಾರೆ. ನಿಮ್ಮ ಬರಹ ಇಷ್ಟಪಟ್ಟು ಮತ್ತೆ ಬರಬೇಕೆಂದುಕೊಂಡವರು ಹೆಸರು ನೆನಪು ಮಾಡಿಕೊಂಡು ಆ ದೊಡ್ಡ ತಾಣಕ್ಕೇ ಹೋಗುತ್ತಾರೆ. ನೀವು ಕಷ್ಟಪಟ್ಟು ಬರೆದದ್ದರ ಲಾಭ ಅವರಿಗೆ.

ಪ್ರಶ್ನೆ: ಬೇಕಾದ ಹೆಸರು ‘ಡಾಟ್ ಕಾಮ್’ನಲ್ಲಿ ಖಾಲಿ ಇಲ್ಲ. ನಡುವೆ ಅಡ್ಡಗೆರೆ ಹಾಕಲೋ, ಕೊನೆಗೆ ಒಂದು ಅಂಕಿ ಸೇರಿಸಲೋ, ‘ಡಾಟ್ ಇನ್’ ತಗೊಳ್ಳಲೋ?
— ಓದುಗರು, ಉಡುಪಿ

ಉತ್ತರ: ‘ಡಾಟ್ ಇನ್’. ಅಡ್ಡಗೆರೆಯನ್ನು ಫೋನಿನಲ್ಲಿ ಪ್ರತಿ ಸಲ ಬಿಡಿಸಿ ಹೇಳಬೇಕು, ಅಂಕಿ ಇದ್ದರೆ ಅಕ್ಷರದಲ್ಲೋ ಅಂಕಿಯಲ್ಲೋ ಅಂತ ಕೇಳುತ್ತಾರೆ. ಆದರೆ ಕೊಳ್ಳುವ ಮುಂಚೆ ಆ ‘ಡಾಟ್ ಕಾಮ್’ ತೆರೆದು ನೋಡಿ. ಸುಮ್ನೆ ಕೊಂಡು ಖಾಲಿ ಇಟ್ಟಿದ್ದರೆ ಪರವಾಗಿಲ್ಲ. ಅಲ್ಲಿ ಯಾರಾದರೂ ನಿಮ್ಮದೇ ವಿಷಯದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದರೆ ಆ ಹೆಸರು ಬಿಟ್ಟು ಬೇರೆ ಯೋಚಿಸಿ, ಅವರು ಮೊದಲು ಬಂದವರು. ಯೂಟ್ಯೂಬ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೂರರಲ್ಲೂ ಅದೇ ಹೆಸರು ಸಿಗುತ್ತದಾ ಅಂತ ಅದೇ ಹೊತ್ತಿಗೆ ನೋಡಿ. ಸಿಕ್ಕರೆ, ಈಗಲೇ ಬಳಸದಿದ್ದರೂ, ಮೂರನ್ನೂ ಅವತ್ತೇ ನಿಮ್ಮ ಹೆಸರಿಗೆ ಮಾಡಿಕೊಳ್ಳಿ.